ಜಾಮೀನು ಸಿಕ್ಕವರಿಗೆ ವೋಟು, ಸಿಗದವರಿಗಿಲ್ಲ

ಚುನಾವಣೆ ಹತ್ತಿರ ಬಂದಾಗ ಕೈದಿಗಳ ಮನೆಯವರು ನನ್ನನ್ನು ತಪ್ಪದೆ ಕೇಳುತ್ತಾರೆ: "ಸಾರ್, ಒಳಗಿರೋರನ್ನ ವೋಟು ಹಾಕೋಕೆ ಕರ್ಕೊಂಡು ಬರ್ತಾರಾ?" ಕರೆತರುವುದಿಲ್ಲ. ಜೈಲಿನಲ್ಲೂ ಹಾಕಿಸುವುದಿಲ್ಲ. "ಕೇಸು ಇನ್ನೂ ಮುಗಿದೇ ಇಲ್ವಲ್ಲ ಸಾರ್" ಅನ್ನುವುದು ಅವರ ಮುಂದಿನ ಮಾತು. ಕ್ರಿಮಿನಲ್ ಕೇಸು ನಡೆಸುವ ವಕೀಲನಾಗಿ ಹೇಳುತ್ತೇನೆ, ಆ ಮಾತಿನಲ್ಲಿ ನ್ಯಾಯವಿದೆ.

1951ರ ಜನಪ್ರತಿನಿಧಿ ಕಾಯ್ದೆಯ 62ನೇ ಕಲಮಿನ 5ನೇ ಉಪಕಲಮು ಹೇಳುವುದು ಇಷ್ಟು. ಶಿಕ್ಷೆ ಅನುಭವಿಸಲಿಕ್ಕಾಗಲಿ, ಬೇರೆ ಕಾರಣಕ್ಕಾಗಲಿ ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ಪೊಲೀಸ್ ವಶದಲ್ಲಿರುವವರಿಗೂ ಇದೇ ನಿಯಮ. ತಪ್ಪು ಸಾಬೀತಾಗಿದೆಯೇ, ಆರೋಪ ದೊಡ್ಡದೇ ಸಣ್ಣದೇ, ಕಾನೂನು ಯಾವುದನ್ನೂ ಕೇಳುವುದಿಲ್ಲ. ಮತದಾನದ ದಿನ ನೀವು ಒಳಗಿದ್ದೀರೋ ಹೊರಗಿದ್ದೀರೋ, ಅಷ್ಟೇ ಮುಖ್ಯ.

ಹಾಗಾದರೆ ಹೊರಗೆ ಇರುವವರು ಯಾರು? ಕೊಲೆ ಕೇಸಿನಲ್ಲಿ ಶಿಕ್ಷೆಯಾಗಿ, ಅಪೀಲಿನಲ್ಲಿ ಜಾಮೀನು ಪಡೆದವರು ಹೊರಗಿದ್ದಾರೆ. ಅವರು ಮತಗಟ್ಟೆಗೆ ಹೋಗಿ ವೋಟು ಹಾಕಬಹುದು. ಮೊಬೈಲ್ ಕದ್ದ ಆರೋಪದ ಕೂಲಿ ಹುಡುಗನಿಗೆ ಜಾಮೀನು ಮಂಜೂರಾಗಿದೆ, ಆದರೆ ಶ್ಯೂರಿಟಿ ಕೊಡುವವರಿಲ್ಲ. ಪಹಣಿ ತಂದು, ಕೋರ್ಟಿನ ಮುಂದೆ ನಿಂತು, ಇವನಿಗೆ ನಾನು ಜವಾಬ್ದಾರಿ ಅನ್ನುವ ಜಮೀನಿರುವ ನೆಂಟ ಅವನಿಗೆ ಎಲ್ಲಿಂದ ಬರಬೇಕು? ಅವನು ಒಳಗೇ ಉಳಿಯುತ್ತಾನೆ, ಅವನ ವೋಟೂ ಹೋಗುತ್ತದೆ. ಈ ಕಾನೂನು ಅಪರಾಧವನ್ನು ಅಳೆಯುತ್ತಿಲ್ಲ, ಶ್ಯೂರಿಟಿ ತರುವ ತಾಕತ್ತನ್ನು ಅಳೆಯುತ್ತಿದೆ. ನನಗೆ ಸಹಿಸಲಾಗದ್ದು ಇದೇ.

ಇದು ನಾಲ್ಕಾರು ಜನರ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಕೈದಿಗಳಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರಿಗೆ ಶಿಕ್ಷೆಯೇ ಆಗಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಮುಂದೆ ಅಪರಾಧ ಮಾಡಬಹುದೆಂದು ಮೊದಲೇ ಹಿಡಿದಿಡುವ ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಇದೇ ಕಲಮು ವಿನಾಯಿತಿ ಕೊಟ್ಟಿದೆ. ಅಂದರೆ ನಮ್ಮಲ್ಲಿ ಗೂಂಡಾ ಕಾಯ್ದೆಯಡಿ ಒಳಗಿರುವವರು ಅಂಚೆ ಮತಪತ್ರದಲ್ಲಿ ವೋಟು ಹಾಕಬಹುದು. ಹೊರಗೆ ಬಿಟ್ಟರೆ ಸಮಾಜಕ್ಕೆ ಅಪಾಯ ಎಂದು ಸರ್ಕಾರವೇ ಹೇಳಿದವರಿಗೆ ವೋಟಿದೆ. ಆ ಮೊಬೈಲ್ ಹುಡುಗನಿಗಿಲ್ಲ.

ಒಳಗಿದ್ದೇ ಚುನಾವಣೆಗೆ ನಿಲ್ಲಬಹುದು ಎನ್ನುವುದು ಎಲ್ಲರಿಗೂ ಗೊತ್ತು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ, ತುರ್ತು ಪರಿಸ್ಥಿತಿ ಕಾಲದ ಬರೋಡಾ ಡೈನಮೈಟ್ ಕೇಸಿನ ಆರೋಪಿಯಾಗಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. 2024ರಲ್ಲಿ ತಿಹಾರ್ ಜೈಲಿನಲ್ಲಿದ್ದ ಎಂಜಿನಿಯರ್ ರಶೀದ್ ಕಾಶ್ಮೀರದ ಬಾರಾಮುಲ್ಲಾದಿಂದ ಗೆದ್ದರು. 2013ರಲ್ಲಿ ಸುಪ್ರೀಂ ಕೋರ್ಟ್, ವೋಟು ಹಾಕಲಾಗದವರು ನಿಲ್ಲುವಂತೆಯೂ ಇಲ್ಲ ಎಂದಿತ್ತು. ಸಂಸತ್ತು ಅದೇ ವರ್ಷ ಕಾಯ್ದೆ ತಿದ್ದಿ ನಿಲ್ಲುವ ಹಕ್ಕನ್ನು ಉಳಿಸಿತು. ಮತ ಹಾಕುವ ಹಕ್ಕಿನ ಬಗ್ಗೆ ಏನೂ ಮಾಡಲಿಲ್ಲ. ಅಭ್ಯರ್ಥಿಗಳ ಹಕ್ಕಿಗೆ ಅಷ್ಟು ಬೇಗ ಸಿಕ್ಕ ಗಮನ ಮತದಾರರಿಗೆ ಇವತ್ತಿಗೂ ಸಿಕ್ಕಿಲ್ಲ.

ಈ ನಿಷೇಧ ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ, ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ. ರಾಜಕೀಯದಿಂದ ಅಪರಾಧಿಗಳನ್ನು ದೂರ ಇಡಬೇಕು, ತನ್ನ ನಡತೆಯಿಂದ ಜೈಲು ಸೇರಿದವರು ಹೊರಗಿನವರ ಜೊತೆ ಸಮಾನತೆ ಕೇಳುವಂತಿಲ್ಲ ಎಂದಿತು. ಪೊಲೀಸರು, ಭದ್ರತೆ, ವ್ಯವಸ್ಥೆ ಸಾಲದು ಎಂಬುದೂ ಒಂದು ಕಾರಣವಾಗಿತ್ತು.

ಮೊದಲ ಎರಡು ಕಾರಣ ಶಿಕ್ಷೆಯಾದವರಿಗೆ ಹೊಂದಬಹುದು. ತಪ್ಪು ಸಾಬೀತಾಗದವರಿಗೆ ಹೇಗೆ ಹೊಂದುತ್ತವೆ? ಮೂರನೆಯದು ಆಗ ನಿಜವಿದ್ದಿರಬಹುದು. ಈಗ 85 ದಾಟಿದ ಹಿರಿಯರ ಮನೆಗೇ ಸಿಬ್ಬಂದಿ ಹೋಗಿ ಮತ ಪಡೆಯುತ್ತಾರೆ. ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬೇ ಒಬ್ಬ ಮತದಾರನಿಗೆ ಮತಗಟ್ಟೆ ಹಾಕುತ್ತಾರೆ. ಅದನ್ನು ನೋಡಿದರೆ ನನಗೆ ಹೆಮ್ಮೆಯಾಗುತ್ತದೆ. ಒಂದೇ ಕಾಂಪೌಂಡಿನೊಳಗೆ ಸಾವಿರಾರು ಜನರಿದ್ದು, ಪ್ರತಿಯೊಬ್ಬರ ಗುರುತು ದಾಖಲಾಗಿರುವ ಜಾಗದಲ್ಲಿ ಇದು ಆಗುವುದಿಲ್ಲ ಅಂದರೆ ನಂಬುವುದು ಕಷ್ಟ, ಅಲ್ವಾ? ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರ ಇಂಥದೇ ಖರ್ಚು, ವ್ಯವಸ್ಥೆಯ ಮಾತು ಆಡಿದಾಗ ಅಲ್ಲಿನ ಸಂವಿಧಾನ ನ್ಯಾಯಾಲಯ 2004ರಲ್ಲಿ ಒಪ್ಪಲಿಲ್ಲ. ಅಲ್ಲಿ ಶಿಕ್ಷೆಯಾದವರೂ ಮತ ಹಾಕುತ್ತಾರೆ.

ಜೈಲಿನವರೆಲ್ಲ ಸೇರಿ ಆ ಕ್ಷೇತ್ರದ ಫಲಿತಾಂಶವನ್ನೇ ಬದಲಿಸಿಬಿಟ್ಟರೆ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ಜೈಲಿನಲ್ಲಿದ್ದಾರೆ ಎಂಬ ಕಾರಣಕ್ಕೆ ಅವರು ಆ ಜಾಗದ ನಿವಾಸಿ ಆಗುವುದಿಲ್ಲ ಎಂದು 1950ರ ಕಾಯ್ದೆ ಹೇಳುತ್ತದೆ. ಪರಪ್ಪನ ಅಗ್ರಹಾರದಲ್ಲಿರುವ ರಾಯಚೂರಿನವನ ವೋಟು ರಾಯಚೂರಿನದೇ. ಅಂಚೆ ಮತಪತ್ರ ಕೊಟ್ಟರೆ ಸಾಕು.

ಸಂವಿಧಾನದ 326ನೇ ವಿಧಿ ಅಪರಾಧದ ಕಾರಣಕ್ಕೆ ಮತದ ಹಕ್ಕು ತೆಗೆಯಲು ಅವಕಾಶ ಕೊಟ್ಟಿದೆ. ಆರೋಪವನ್ನೇ ಅಪರಾಧ ಅಂದುಕೊಳ್ಳಲು ಕೊಟ್ಟಿಲ್ಲ ಎಂಬುದು ನನ್ನ ಓದು. ಶಿಕ್ಷೆಯಾಗದವರನ್ನು ಈ ನಿಷೇಧದಿಂದ ಸಂಸತ್ತು ಹೊರಗಿಡಬೇಕು.

ಅಲ್ಲಿಯವರೆಗೆ ಮನೆಯವರು ಕೆಲವು ವಿಷಯ ತಿಳಿದಿರಲಿ. ಜೈಲಿನಲ್ಲಿದ್ದಾರೆ ಎಂಬ ಕಾರಣಕ್ಕೆ ಮತದಾರರ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. 2013ರ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಪಟ್ಟಿ ಪರಿಷ್ಕರಣೆಗೆ ಮನೆಗೆ ಬಂದವರಿಗೆ "ಅವರು ಇಲ್ಲಿಲ್ಲ" ಎಂದು ಸುಮ್ನೆ ಹೇಳಿ ಕಳಿಸಬೇಡಿ. ಊರು ಬಿಟ್ಟಿಲ್ಲ, ಜೈಲಿನಲ್ಲಿದ್ದಾರೆ ಎಂದು ಬಿಡಿಸಿ ಹೇಳಿ.

ಇನ್ನು ಒಳಗಿರುವವರು ಹೊರಬರಲು ಒಂದು ದಾರಿ, ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಬಾಂಡಿನ (ಮುಚ್ಚಳಿಕೆಯ) ಮೇಲೆ ಬಿಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ, ಒಂದಕ್ಕಿಂತ ಜಾಸ್ತಿ ಕೇಸು ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಅವಧಿ ತುಂಬಿದಾಗ ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಜೈಲು ಸೂಪರಿಂಟೆಂಡೆಂಟ್ ಅವರದು. ದಿನಾಂಕ ಲೆಕ್ಕ ಹಾಕಿ, ಅರ್ಜಿ ಹೋಯಿತೇ ಎಂದು ವಿಚಾರಿಸಿ. ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.