ಡ್ರ್ಯಾಗನ್ ಬಾಲ್ ಫೈಟರ್‌ಝಡ್: ಗೋಕುವನ್ನು ಕೈಯಲ್ಲಿ ಬಿಡಿಸಿದ್ದಾರಾ?

ಪ್ರಶ್ನೆ: ಡ್ರ್ಯಾಗನ್ ಬಾಲ್‌ನ ಫೈಟಿಂಗ್ ಗೇಮ್ ಫೈಟರ್‌ಝಡ್ ನೋಡಿದರೆ ಥೇಟ್ ಅನಿಮೆ (ಜಪಾನಿ ಕಾರ್ಟೂನ್) ಥರಾನೇ ಇದೆ. ಇಷ್ಟೊಂದು ಚಿತ್ರಗಳನ್ನು ಕೈಯಲ್ಲೇ ಬಿಡಿಸಿದ್ದಾರಾ? ಇದು ಟೂಡಿ ಗೇಮ್ ತಾನೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತಲೇ ಇರುತ್ತದೆ. ಇಲ್ಲ, ಬಿಡಿಸಿಲ್ಲ. ಗೋಕು, ವೆಜಿಟಾ, ಫ್ರೀಜಾ, ಆಟದ ಪಾತ್ರಗಳೆಲ್ಲ ತ್ರೀಡಿ ಮಾಡೆಲ್‌ಗಳು, ಅಂದರೆ ಕಂಪ್ಯೂಟರ್‌ನಲ್ಲಿ ಕಟ್ಟಿದ, ಯಾವ ಕಡೆಯಿಂದಲೂ ನೋಡಬಹುದಾದ ಬೊಂಬೆಗಳು. ಆಟ ಓಡುವುದು ಅನ್‌ರಿಯಲ್ ಎಂಜಿನ್ 4 ಎಂಬ, ಗೇಮ್ ಕಟ್ಟುವ ಸಾಫ್ಟ್‌ವೇರ್ ಮೇಲೆ. ಇಷ್ಟು ಹೇಳಿದ ಕೂಡಲೇ "ಸಾಧ್ಯವೇ ಇಲ್ಲ, ಗೆರೆ ಎಲ್ಲ ಕಾಣಿಸುತ್ತಲ್ವಾ" ಎಂದು ವಾದ ಶುರುವಾಗುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಗೊಂದಲ ಯಾಕೆ ಬರುತ್ತದೆ ಅನ್ನುವುದು ಅರ್ಥವಾಗುತ್ತದೆ. ಹೊಡೆದಾಡುವ ಇಬ್ಬರೂ ಪಕ್ಕದಿಂದಲೇ ಕಾಣುತ್ತಾರೆ, ಎಡಕ್ಕೂ ಬಲಕ್ಕೂ ಮಾತ್ರ ಓಡಾಡುತ್ತಾರೆ. ಆಡುವ ರೀತಿ ಟೂಡಿ, ನಿಜ. ಆದರೆ ಆಡುವ ರೀತಿ ಬೇರೆ, ಚಿತ್ರ ತಯಾರಾಗುವ ರೀತಿ ಬೇರೆ. ಕೈಯಲ್ಲಿ ಬಿಡಿಸಿದ ಫೈಟಿಂಗ್ ಗೇಮ್ ಬೇಕಾದರೆ 1997ರ ಸ್ಟ್ರೀಟ್ ಫೈಟರ್ 3 ನೋಡಿ, 2012ರ ಸ್ಕಲ್‌ಗರ್ಲ್ಸ್ ನೋಡಿ. ಅಲ್ಲಿ ಒಂದೊಂದು ಚಲನೆಗೂ ಒಬ್ಬರು ಕೂತು ಚಿತ್ರ ಬರೆದಿದ್ದಾರೆ. ಆ ಆಟಗಳಲ್ಲಿ ಕ್ಯಾಮೆರಾ ಪಾತ್ರದ ಸುತ್ತ ತಿರುಗುವುದಿಲ್ಲ. ತಿರುಗಬೇಕಾದರೆ ಆ ಕೋನಕ್ಕೆಲ್ಲ ಹೊಸದಾಗಿ ಚಿತ್ರ ಬರೆಯಬೇಕು. ಫೈಟರ್‌ಝಡ್‌ನಲ್ಲಿ ಒಂದು ದೊಡ್ಡ ಸೂಪರ್ ಅಟ್ಯಾಕ್ ಹಾಕಿ ನೋಡಿ. ಪಕ್ಕದಲ್ಲಿದ್ದ ಕ್ಯಾಮೆರಾ ಸರ್ರನೆ ಮುಖದ ಮುಂದೆ ಬಂದು ಮತ್ತೆ ವಾಪಸ್ ಹೋಗುತ್ತದೆ. ಮಾಡೆಲ್ ಇರುವುದರಿಂದಲೇ ಅದು ಅಷ್ಟು ಸಲೀಸು.

ಈ ವಿದ್ಯೆ ಫೈಟರ್‌ಝಡ್‌ಗಾಗಿ ಹುಟ್ಟಿದ್ದಲ್ಲ. ಯೊಕೊಹಾಮಾದ ಆರ್ಕ್ ಸಿಸ್ಟಮ್ ವರ್ಕ್ಸ್‌ನವರು 1998ರಿಂದ ಗಿಲ್ಟಿ ಗಿಯರ್ ಸರಣಿಯನ್ನು ಕೈಚಿತ್ರಗಳಲ್ಲೇ ಮಾಡುತ್ತಾ ಬಂದವರು. 2014ರಲ್ಲಿ ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ ಎಂಬ ಆಟದಲ್ಲಿ ತ್ರೀಡಿಗೆ ಹೊರಳಿದರು, ಆದರೆ ಯಾರ ಕಣ್ಣಿಗೂ ತ್ರೀಡಿ ಅನ್ನಿಸಬಾರದೆಂದು ಹಟ ಹಿಡಿದರು. ಅದನ್ನು ಹೇಗೆ ಮಾಡಿದೆವು ಅಂತ ಅವರ ಕಲಾವಿದ ಜುನ್ಯಾ ಮೊಟೊಮುರಾ 2015ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಎಲ್ಲರೆದುರು ವಿವರಿಸಿದರು. ಅಂದರೆ ಗುಟ್ಟು ಬಯಲಾಗಿ ಎಷ್ಟೋ ವರ್ಷ ಆಯ್ತು. ಅದೇ ವಿದ್ಯೆಯನ್ನು ಡ್ರ್ಯಾಗನ್ ಬಾಲ್‌ಗೆ ಹೊಂದಿಸಿ ಮಾಡಿದ ಆಟವನ್ನು ಬಂದೈ ನಾಮ್ಕೊ 2018ರ ಜನವರಿಯಲ್ಲಿ ಬಿಡುಗಡೆ ಮಾಡಿತು.

ಕಣ್ಣಿಗೆ ಮೊದಲು ಮೋಸವಾಗುವುದು ಚಲನೆಯಲ್ಲಿ. ಮಾಮೂಲಿ ತ್ರೀಡಿಯಲ್ಲಿ ಅನಿಮೇಟರ್ ಮುಖ್ಯವಾದ ಕೆಲವು ಭಂಗಿಗಳನ್ನು ಇಡುತ್ತಾರೆ, ನಡುವಿನದನ್ನು ಕಂಪ್ಯೂಟರ್ ತುಂಬುತ್ತದೆ. ಅದಕ್ಕೇ ಎಲ್ಲ ನುಣ್ಣಗೆ ತೇಲಿದಂತೆ ಕಾಣುತ್ತದೆ. ಟಿವಿ ಅನಿಮೆ ಹಾಗಲ್ಲ. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಒಂದೇ ಚಿತ್ರವನ್ನು ಎರಡು ಮೂರು ಫ್ರೇಮ್ ಹಾಗೇ ನಿಲ್ಲಿಸುತ್ತಾರೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 12 ಅಥವಾ 8 ಚಿತ್ರ. ಆರ್ಕ್‌ನವರು ಕಂಪ್ಯೂಟರ್ ನಡುವೆ ತುಂಬುವುದನ್ನೇ ನಿಲ್ಲಿಸಿಬಿಟ್ಟರು. ಪ್ರತಿ ಭಂಗಿಯನ್ನೂ ಅನಿಮೇಟರ್ ತಾವೇ ಇಡುತ್ತಾರೆ. ಅದು ಕೆಲವು ಫ್ರೇಮ್ ನಿಂತು ಸೀದಾ ಮುಂದಿನ ಭಂಗಿಗೆ ಹಾರುತ್ತದೆ. ಇದರಿಂದ ಆಟ ನಿಧಾನವಾಗುವುದಿಲ್ಲ. ಹೊಡೆತ ತಾಗಿತೋ ಇಲ್ಲವೋ ಎಂಬ ಲೆಕ್ಕ ಸೆಕೆಂಡಿಗೆ 60 ಸಲ ನಡೆಯುತ್ತಲೇ ಇರುತ್ತದೆ.

ಇನ್ನು ಗೆರೆಗಳು. ವಾದ ಮಾಡುವವರೆಲ್ಲ ತೋರಿಸುವುದು ಇದನ್ನೇ. ಮೈಯ ಅಂಚಿನ ಕಪ್ಪು ಗೆರೆಗೆ ಮಾಡೆಲ್‌ನ ಇನ್ನೊಂದು ಪ್ರತಿ ಬೇಕು. ಅದನ್ನು ಸ್ವಲ್ಪ ಉಬ್ಬಿಸಿ, ಒಳಮೈ ಹೊರಗೆ ಮಾಡಿ, ಕಪ್ಪು ಬಣ್ಣ ಹಚ್ಚುತ್ತಾರೆ. ಒಳಗಿನ ಮಾಡೆಲ್‌ನ ಸುತ್ತ ಆಚೆ ಇಣುಕುವ ಆ ಕಪ್ಪೇ ನಿಮಗೆ ಗೆರೆಯಾಗಿ ಕಾಣುವುದು. ಎದೆ, ತೋಳಿನ ಸ್ನಾಯು, ಬಟ್ಟೆಯ ಮಡಿಕೆ ಇವುಗಳ ಗೆರೆ ಇನ್ನೂ ಕಷ್ಟ. ಅದು ಮೈಮೇಲೆ ಹೊದಿಸುವ ಚಿತ್ರದಲ್ಲಿ, ಅಂದರೆ ಟೆಕ್ಸ್ಚರ್‌ನಲ್ಲಿ ಇರಬೇಕು. ಅಲ್ಲಿ ಓರೆ ಗೆರೆ ಬರೆದರೆ ಕ್ಯಾಮೆರಾ ಹತ್ತಿರ ಬಂದಾಗ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ. ಅವರು ಕಂಡುಕೊಂಡ ದಾರಿ ನೋಡಿ: ಟೆಕ್ಸ್ಚರ್‌ನಲ್ಲಿ ಗೆರೆಗಳೆಲ್ಲ ನೆಟ್ಟಗೆ, ಅಡ್ಡ ಇಲ್ಲವೇ ಉದ್ದ. ಅದನ್ನು ಮೈಗೆ ಹೊದಿಸುವಾಗ ಮಾತ್ರ ಸ್ನಾಯುವಿನ ತಿರುವಿಗೆ ತಕ್ಕಂತೆ ಬಗ್ಗಿಸಿದರು. ಟೆಕ್ಸ್ಚರ್ ಒಂದನ್ನೇ ತೆರೆದು ನೋಡಿದರೆ ಬರೀ ಚೌಕಗಳು, ಪಟ್ಟಿಗಳು. ಮಾಡೆಲ್ ಮೇಲೆ ಕೂತಾಗ ಬ್ರಷ್‌ನಲ್ಲಿ ಎಳೆದಂಥ ಗೆರೆ. ಎಷ್ಟು ಹತ್ತಿರ ಹೋದರೂ ಒಡೆಯುವುದಿಲ್ಲ. ಈ ಒಂದು ಉಪಾಯಕ್ಕೇ ನಾನು ಅವರಿಗೆ ಕೈಮುಗಿಯುತ್ತೇನೆ.

"ಹಾಗಾದ್ರೆ ಸುಮ್ನೆ ಒಂದು ಸೆಲ್ ಶೇಡಿಂಗ್ ಫಿಲ್ಟರ್ (ತ್ರೀಡಿಯನ್ನು ತಾನಾಗಿಯೇ ಕಾರ್ಟೂನಿನಂತೆ ತೋರಿಸುವ ತಂತ್ರ) ಹಾಕಿದ್ದಾರೆ ಅಷ್ಟೇ" ಎಂದು ಈ ಕಡೆಯಿಂದ ಆ ಕಡೆಗೆ ಜಿಗಿಯಬೇಡಿ. ಫಿಲ್ಟರ್ ಹಾಕಿದರೆ ಏನಾಗುತ್ತದೆಂದು ಎಷ್ಟೋ ಹಳೆಯ ಆಟಗಳಲ್ಲಿ ನೋಡಿದ್ದೇವೆ. ಪಾತ್ರ ಕತ್ತು ತಿರುಗಿಸಿದರೆ ಸಾಕು, ಮೂಗು ಕೆನ್ನೆಗಳ ಮೇಲೆ ನೆರಳು ಕೊಳಕಾಗಿ ಹರಿದಾಡುತ್ತದೆ. ಮೈಯ ಯಾವ ಬಿಂದು ಯಾವ ಕಡೆ ಮುಖ ಮಾಡಿದೆ ಎಂಬ ಮಾಹಿತಿಯನ್ನು ನೋಡಿ ಎಂಜಿನ್ ನೆರಳು ಹಾಕುತ್ತದೆ. ಆರ್ಕ್‌ನ ಕಲಾವಿದರು ಆ ಮಾಹಿತಿಯನ್ನೇ ಕೈಯಾರೆ ತಿದ್ದಿದರು, ಚಿತ್ರಕಾರ ಎಲ್ಲಿ ನೆರಳು ಹಾಕುತ್ತಿದ್ದನೋ ಅಲ್ಲೇ ಬೀಳುವ ಹಾಗೆ. ಬೆಳಕೂ ರಂಗಕ್ಕೆಲ್ಲ ಒಂದೇ ಅಲ್ಲ. ಪ್ರತಿ ಪಾತ್ರಕ್ಕೂ ತನ್ನದೇ ಬೆಳಕಿದೆ, ಭಂಗಿ ಬದಲಾದಂತೆ ಅದನ್ನೂ ತಿರುಗಿಸುತ್ತಾರೆ. ಕೈಕೆಲಸ ಇಲ್ಲಿ ಬೇಕಾದಷ್ಟಿದೆ. ಅದು ಕಾಗದದ ಮೇಲೆ ಇಲ್ಲ, ಮಾಡೆಲ್ ಒಳಗಿದೆ.

ಇನ್ನೂ ಅನುಮಾನ ಇರುವವರು ನಾಮೆಕ್ ಗ್ರಹದ ರಂಗದಲ್ಲಿ ಗೋಕುವಿನಿಂದ ಫ್ರೀಜಾನನ್ನು ಸೋಲಿಸಿ. ಕೊನೆಯ ಏಟು ಹೆವಿ ಅಟ್ಯಾಕ್, ಅಂದರೆ ಜೋರಿನ ಹೊಡೆತ ಆಗಿರಲಿ. ಆಗ ಬರುವ ಡ್ರಮ್ಯಾಟಿಕ್ ಫಿನಿಶ್ ಎಂಬ ವಿಶೇಷ ಮುಕ್ತಾಯ, ಅನಿಮೆಯಲ್ಲಿ ಗೋಕು ಫ್ರೀಜಾನನ್ನು ಸೋಲಿಸುವ ದೃಶ್ಯವನ್ನೇ ಕಣ್ಣಮುಂದೆ ತರುತ್ತದೆ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಡ್ರ್ಯಾಗನ್ ಬಾಲ್ ಝಡ್ ನೋಡಿ ಬೆಳೆದ ನಮ್ಮಂಥವರಿಗೆ ಹಳೇ ವಿಡಿಯೋನೇ ತಂದು ಅಂಟಿಸಿದ್ದಾರೆ ಅನ್ನಿಸುತ್ತದೆ. ಅದೂ ಮಾಡೆಲ್‌ಗಳೇ. ಮೂಲದ ಭಂಗಿಗಳನ್ನು ನೋಡಿಕೊಂಡು ನಿಲ್ಲಿಸಿದ ಮಾಡೆಲ್‌ಗಳು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡೋಣ. 2024ರ ಅಕ್ಟೋಬರ್‌ನಲ್ಲಿ ಬಂದ ಇನ್ನೊಂದು ಡ್ರ್ಯಾಗನ್ ಬಾಲ್ ಗೇಮ್ ಸ್ಪಾರ್ಕಿಂಗ್ ಝೀರೋ, ಹೊಸ ಅನ್‌ರಿಯಲ್ ಎಂಜಿನ್ 5ರ ಆಟ. ನೋಡಲು ಚೆನ್ನಾಗಿದೆ. ಆದರೂ ಆರು ವರ್ಷ ಹಳೆಯ ಫೈಟರ್‌ಝಡ್ ಅದಕ್ಕಿಂತ ಜಾಸ್ತಿ ಅನಿಮೆ ಥರ ಯಾಕೆ ಕಾಣುತ್ತದೆ? ಕಾರಣ ಕ್ಯಾಮೆರಾ. ಫೈಟರ್‌ಝಡ್‌ನಲ್ಲಿ ನೀವು ಯಾವ ಕ್ಷಣದಲ್ಲಿ ಎಲ್ಲಿಂದ ನೋಡುತ್ತೀರಿ ಎಂಬುದು ಅನಿಮೇಟರ್‌ಗೆ ಮೊದಲೇ ಗೊತ್ತು. ಹಾಗಾಗಿ ಆ ಕೋನಕ್ಕೆ ಚಂದ ಕಂಡರೆ ಸಾಕು ಎಂದು ಮುಷ್ಟಿಯನ್ನು ಹಿಗ್ಗಿಸುತ್ತಾರೆ, ದವಡೆಯನ್ನು ಪಕ್ಕಕ್ಕೆ ಎಳೆಯುತ್ತಾರೆ, ತೋಳನ್ನು ಉದ್ದ ಮಾಡುತ್ತಾರೆ. ಕಂಪನಿ ನಾಟಕದ ಸೀನರಿ ಪರದೆಯ ಹಾಗೆ, ಪ್ರೇಕ್ಷಕರು ಕೂತ ಕಡೆಯಿಂದ ಮಾತ್ರ ಅದು ಅರಮನೆ. ಸ್ಪಾರ್ಕಿಂಗ್ ಝೀರೋದಲ್ಲಿ ಕ್ಯಾಮೆರಾ ಆಟಗಾರನ ಬೆನ್ನ ಹಿಂದಿರುತ್ತದೆ, ಹೋರಾಟ ಎತ್ತ ಹೋದರೆ ಅತ್ತ ತಿರುಗುತ್ತದೆ. ಯಾವ ಕ್ಷಣ ಯಾವ ಕೋನ ಎಂದು ಮೊದಲೇ ಹೇಳಲಾಗದು. ಫೈಟರ್‌ಝಡ್‌ನ ಗೋಕು ಗುದ್ದುವ ಭಂಗಿಯನ್ನು ಹಾಗೇ ಎತ್ತಿ ಅಲ್ಲಿಟ್ಟರೆ ಆ ಮುಷ್ಟಿ, ಆ ದವಡೆ ಎಲ್ಲ ಸೊಟ್ಟಗೆ ಕಾಣುತ್ತವೆ.