ಕಾಟ್ಲಾ ಮೀನಿನ ಗಾಳಿಚೀಲ ಮತ್ತು ನಮ್ಮ ಶ್ವಾಸಕೋಶ

ಭಾನುವಾರ ರಸೆಲ್ ಮಾರ್ಕೆಟ್‌ಗೆ ಮೀನು ತರಲು ಹೋದರೆ ಕತ್ತರಿಸುವವರ ಮುಂದೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕಾಟ್ಲಾದ ಹೊಟ್ಟೆ ಸೀಳಿದರೆ ಬೆನ್ನುಮೂಳೆಯ ಕೆಳಗೆ ಬೆಳ್ಳಗೆ ಹೊಳೆಯುವ, ನಡುವೆ ದಾರ ಬಿಗಿದಂತಿರುವ ಚೀಲ ಕಾಣುತ್ತದೆ. ಕರುಳಿನ ಜೊತೆ ಅದೂ ಬುಟ್ಟಿಗೆ ಹೋಗುತ್ತದೆ. ನಾನು ದಿನ ತುಂಬದೆ ಹುಟ್ಟಿದ ಮಕ್ಕಳನ್ನು ನೋಡುವ ಡಾಕ್ಟರ್. ನನ್ನ ಕಣ್ಣಿಗೆ ಅದು ನಮ್ಮ ಶ್ವಾಸಕೋಶದ ಒಡಹುಟ್ಟು.

ಕಾಟ್ಲಾ ಉಸಿರಾಡುವುದು ಕಿವಿರಿನಿಂದ. ಈ ಚೀಲದ ಗಾಳಿ ಅದನ್ನು ಬೇಕಾದ ಆಳದಲ್ಲಿ ನಿಲ್ಲಿಸುತ್ತದೆ. ಇಂಥ ಚೀಲವೇ ಮುಂದೆ ಶ್ವಾಸಕೋಶವಾಯಿತು ಎಂದು ಡಾರ್ವಿನ್ 1859ರಲ್ಲಿ ಬರೆದರು. ನಂಟು ನಿಜ, ಆದರೆ ಕ್ರಮ ತಿರುಗಾಮುರುಗಾ. 40 ಕೋಟಿ ವರ್ಷಗಳಿಗೂ ಹಿಂದೆ, ಮೂಳೆಮೀನುಗಳ ಪೂರ್ವಜರಲ್ಲೇ ಶ್ವಾಸಕೋಶವಿತ್ತು. ಹೆಚ್ಚಿನ ಮೀನುಗಳಲ್ಲಿ ಅದೇ ಆಮೇಲೆ ತೇಲುವ ಚೀಲವಾಯಿತು. ಆಫ್ರಿಕಾದ ಬಿಚಿರ್ ಎಂಬ ಮೀನಿಗೆ ಇವತ್ತಿಗೂ ಜೋಡಿ ಶ್ವಾಸಕೋಶವಿದೆ. ನಮ್ಮಂತೆಯೇ ಅದು ಅನ್ನನಾಳದ ಕೆಳಬದಿಯಿಂದ, ಅಂದರೆ ಹೊಟ್ಟೆಯ ಕಡೆಯಿಂದ, ಮೊಳೆಯುತ್ತದೆ. ಕಾಟ್ಲಾದ ಚೀಲ ಮೊಳೆಯುವುದು ಬೆನ್ನಿನ ಬದಿಯಿಂದ. ಮೂಳೆಮೀನಲ್ಲದ ಶಾರ್ಕ್‌ಗೆ ಶ್ವಾಸಕೋಶವೂ ಇಲ್ಲ, ಗಾಳಿಚೀಲವೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸುವ ಸಾಕ್ಷಿ ಬೇರೆ. ಒದ್ದೆ ಬಲೂನಿನ ಒಳಗೋಡೆಗಳು ಅಂಟಿಕೊಂಡರೆ ಊದುವುದು ಎಷ್ಟು ಕಷ್ಟ, ಅಲ್ವಾ? ಶ್ವಾಸಕೋಶದ ಪುಟ್ಟ ಗಾಳಿಗೂಡುಗಳಿಗೂ ಅದೇ ತೊಂದರೆ. ಅವು ಮುದುಡದಂತೆ ಕಾಯುವುದು ಸೋಪಿನಂತಹ ಒಂದು ಲೇಪ, ಸರ್ಫ್ಯಾಕ್ಟಂಟ್. ಗರ್ಭದಲ್ಲಿ ಸುಮಾರು 24ನೇ ವಾರಕ್ಕೆ ಅದು ತಯಾರಾಗಲು ಶುರುವಾಗುತ್ತದೆ, ಸಾಕಷ್ಟಾಗಲು ಸುಮಾರು 35 ವಾರ ಬೇಕು. 28 ವಾರಕ್ಕೇ ಹುಟ್ಟಿದ ಕೂಸು ಒಂದೊಂದು ಉಸಿರಿಗೂ ಪಕ್ಕೆ ಒಳಗೆಳೆದುಕೊಂಡು ನರಳುತ್ತದೆ. ಅದನ್ನು ನೋಡಿ ನನಗೆ ಇನ್ನೂ ಅಭ್ಯಾಸವಾಗಿಲ್ಲ. ದನ ಅಥವಾ ಹಂದಿಯ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಸಣ್ಣ ನಳಿಕೆಯಲ್ಲಿ ಶ್ವಾಸನಾಳಕ್ಕೆ ಬಿಡುತ್ತೇವೆ. ಎಷ್ಟೋ ಸಲ ನಿಮಿಷಗಳಲ್ಲೇ ಪಕ್ಕೆ ಸೆಳೆತ ತಗ್ಗುತ್ತದೆ.

ಇದೇ ಬಗೆಯ ಲೇಪ ಗೋಲ್ಡ್‌ಫಿಶ್‌ನ ಗಾಳಿಚೀಲದಲ್ಲೂ ಸಿಕ್ಕಿದೆ! ಉಸಿರಾಟಕ್ಕೆ ಬಳಸದ ಚೀಲ, ಆದರೂ ಒಳಗೋಡೆಗೆ ಆ ಹಳೆಯ ಲೇಪ ಉಳಿದಿದೆ.

ಗೋಲ್ಡ್‌ಫಿಶ್, ಕಾಟ್ಲಾ, ರೋಹು ಎಲ್ಲ ಒಂದೇ ಕುಟುಂಬ. ಮುಂದಿನ ಸಲ ಮೀನು ಕತ್ತರಿಸುವವರಿಗೆ, 'ಅಣ್ಣಾ, ಚೀಲ ಎಳೀಬೇಡಿ, ನಿಧಾನಕ್ಕೆ ಬಿಡಿಸಿ' ಅನ್ನಿ. ಅದರಿಂದ ಅನ್ನನಾಳಕ್ಕೆ ಹೋಗುವ ದಾರದಷ್ಟು ಸಣ್ಣ ಕೊಳವೆ ಕಾಣುತ್ತದೆ.