ಮಳೆ ಪುಸ್ತಕದಲ್ಲಿ ಕುಗ್ಗಿದ ಅಕ್ಷರ

ನಾಪೋಕ್ಲು ಕಡೆಯ ನಮ್ಮ ತೋಟದ ಮನೆಯಲ್ಲಿ ಅಜ್ಜ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳಿವೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರು ಅಳೆದು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆಯುವುದು ಕೊಡಗಿನ ಕಾಫಿ ಬೆಳೆಗಾರರಿಗೆ ಅಭ್ಯಾಸ. ಈಚೆಗೆ ಕಾಫಿ ಹೂ ಅರಳಿಸುವ ಹಳೆಯ ಹೂಮಳೆಯ ದಿನಾಂಕ ಹುಡುಕಲು ಕೂತೆ. ಕಣ್ಣು ಮಳೆಯ ಮೇಲೆ ನಿಲ್ಲಲಿಲ್ಲ, ಅಕ್ಷರದ ಮೇಲೆ ನಿಂತಿತು. ಮೊದಲ ಪುಸ್ತಕಗಳಲ್ಲಿ ಗೆರೆ ತುಂಬ ದುಂಡಗೆ ಕೂತಿದ್ದ ‘ಇಂಚು’ ವರ್ಷ ಕಳೆದಂತೆ ಕುಗ್ಗುತ್ತಾ ಸಾಸಿವೆಯಷ್ಟಾಗಿದೆ. ಅಜ್ಜನ ಕೈ ನಡುಗಿದ್ದು, ಡಾಕ್ಟರು ಪಾರ್ಕಿನ್ಸನ್ ಎಂದದ್ದು ಅದಾಗಿ 3 ವರ್ಷಕ್ಕೆ.

ಅಕ್ಷರ ಕಿರಿದಾಗುವುದು ಈ ಕಾಯಿಲೆಯ ಪರಿಚಿತ ಲಕ್ಷಣ. ನಮಗೆ ಗೊತ್ತಿರಲಿಲ್ಲ. ಮಿದುಳಿನ ಬುಡದಲ್ಲಿ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಕಪ್ಪು ಛಾಯೆಯ ಭಾಗವಿದೆ. ಚಲನೆಯನ್ನು ಹದವಾಗಿಡುವ ಡೋಪಮಿನ್ ಅಲ್ಲಿನ ಕೋಶಗಳಲ್ಲಿ ತಯಾರಾಗುತ್ತದೆ. ಆ ಕೋಶಗಳು ಸದ್ದಿಲ್ಲದೆ ಸಾಯುತ್ತಾ ಬರುತ್ತವೆ. ನಡುಕ ಕಾಣಿಸುವ ಹೊತ್ತಿಗೆ ದೊಡ್ಡ ಪಾಲು ಹೋಗಿಯೇ ಬಿಟ್ಟಿರುತ್ತದೆ. ಲೆವೊಡೋಪ ಮಾತ್ರೆ ಡೋಪಮಿನ್ ಕೊರತೆಯನ್ನು ತುಂಬುತ್ತದೆ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಅದೇ ವಸ್ತುವಿದೆ, ಹಾಗೆಂದು ಯಾರೂ ಸ್ವಂತ ಮದ್ದು ಮಾಡಿಕೊಳ್ಳಬಾರದು. ಸಾಯುತ್ತಿರುವ ಕೋಶಗಳನ್ನು ಉಳಿಸುವ ಔಷಧ ಮಾತ್ರ ಇನ್ನೂ ಸಿಕ್ಕಿಲ್ಲ.

ಅದನ್ನು ಹುಡುಕಲು ಬೇಕಿರುವುದೂ ಮಳೆ ಪುಸ್ತಕದಂಥ ಲೆಕ್ಕವೇ. ಒಂದು ದಿನದ ಮಳೆ ನೋಡಿ ಆ ವರ್ಷದ ಮಳೆಗಾಲ ಹೇಗಿತ್ತೆಂದು ಹೇಳಲಾಗದು. ಒಂದು ಸ್ಕ್ಯಾನ್ ನೋಡಿ ಮಿದುಳು ಎತ್ತ ಸಾಗಿದೆ ಎಂದೂ ಹೇಳಲಾಗದು. 2010ರಲ್ಲಿ ಶುರುವಾದ ಪಿಪಿಎಂಐ ಎಂಬ ಪಾರ್ಕಿನ್ಸನ್ ಅಧ್ಯಯನ ಅದೇ ಜನರನ್ನು ಮತ್ತೆ ಮತ್ತೆ ಕರೆದು ಮಿದುಳಿನ ಚಿತ್ರ, ರಕ್ತ, ಬೆನ್ನುಹುರಿಯ ದ್ರವ, ಚಲನೆ ಎಲ್ಲವನ್ನೂ ದಾಖಲಿಸುತ್ತಿದೆ. ಅಲ್ಲಿನ 1,123 ಜನರ ದ್ರವವನ್ನು ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ಈ ಕಾಯಿಲೆಯಲ್ಲಿ ತಪ್ಪಾಗಿ ಮಡಚಿಕೊಂಡು ಮಿದುಳಿನ ಕೋಶಗಳಲ್ಲಿ ಗಂಟುಕಟ್ಟುವ ಆಲ್ಫಾ-ಸಿನುಕ್ಲಿಯಿನ್ ಪ್ರೋಟೀನನ್ನು ಹುಡುಕುವ ಆ ಪರೀಕ್ಷೆ, ಪಾರ್ಕಿನ್ಸನ್ ಇದ್ದವರಲ್ಲಿ ಸುಮಾರು 88% ಜನರನ್ನು ಸರಿಯಾಗಿ ಗುರುತಿಸಿತು. ಇನ್ನೂ ನಡುಕ ಬಾರದ, ಆದರೆ ವಾಸನೆ ತಿಳಿಯುವ ಶಕ್ತಿ ಕುಂದಿದ್ದ ಕೆಲವರಲ್ಲೂ ಆ ಪ್ರೋಟೀನು ಸಿಕ್ಕಿತು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಸುದ್ದಿ. ಉಳಿಸಲು ಕೋಶಗಳು ಇರುವಾಗಲೇ ಹೊಸ ಔಷಧವನ್ನು ಪರೀಕ್ಷಿಸಿ ನೋಡಬಹುದು.

ಮಿದುಳಿನ ವಿದ್ಯುತ್ ಅಲೆಗಳ ದಾಖಲೆ ಆಗಲೇ ಚಿಕಿತ್ಸೆಗೆ ಬಂದಿದೆ. ಪಾರ್ಕಿನ್ಸನ್‌ನಲ್ಲಿ ಸೆಕೆಂಡಿಗೆ 13ರಿಂದ 30 ಸಲ ಮಿಡಿಯುವ ಬೀಟಾ ಅಲೆ ಜೋರಾದಾಗ ಮೈ ಬಿಗಿಯುತ್ತದೆ. ಮಿದುಳಿನೊಳಗೆ ತಂತಿ ಇಟ್ಟು ಸಣ್ಣ ವಿದ್ಯುತ್ ಹರಿಸುವ ಡಿಬಿಎಸ್ ಚಿಕಿತ್ಸೆಯ ಹೊಸ ಯಂತ್ರ ಆ ಅಲೆಯನ್ನು ಗಮನಿಸಿ ವಿದ್ಯುತ್ತನ್ನು ತಾನೇ ಏರಿಳಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ 2025ರಲ್ಲಿ ಒಪ್ಪಿಗೆ ಸಿಕ್ಕಿತು.

ಈ ಲೆಕ್ಕಗಳಲ್ಲಿ ನಮ್ಮ ಜನ ಕಡಿಮೆ. ಕೋಲಾರದ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಯ ಹಿರಿಯರ ಮಿದುಳನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಕೊಡಗಿನ ಹಿರಿಯರ ದಾಖಲೆಯೂ ಹಾಗೆ ಸೇರಬೇಕೆಂದು ನನ್ನ ಆಸೆ.

ಅಜ್ಜ ಬರೆದ ಕೊನೆಯ ಸಾಲು ಜೂನ್ ತಿಂಗಳದು. ಭೂತಗನ್ನಡಿ ಹಿಡಿದು ಓದಿದೆ: 3 ಇಂಚು 40 ಸೆಂಟು. ಮರುದಿನದ ಮಳೆ ಅಜ್ಜಿಯ ಅಕ್ಷರದಲ್ಲಿದೆ.